ಮೂರನೇ ಸಲ ಕರೆದ ಮೇಲೆ

ಆ ಸಣ್ಣ ದೀಪ ಇರಲಿ, ಆರಿಸಬೇಡಿ. ಕತೆ ಹೇಳುತ್ತೇನೆ. ಆದರೆ ನಡುವೆ ಯಾರೂ ಬಾಯಿ ಹಾಕಬಾರದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಿಮಗೆ ಗೊತ್ತಿರುವ ವಿಷಯವೇ.

ಇದು ನಮ್ಮ ಮಾಂತುಗೆ ಆದದ್ದು. ಗೂಳಪ್ಪ ಕಾಕಾನ ಮಗ, ನನಗಿಂತ ಆರು ವರ್ಷ ಸಣ್ಣವ. ಪುಣೆಯಲ್ಲಿ ಆಫೀಸು, ಆಸ್ಪತ್ರೆಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ ಅವನದು. ದೇವರನ್ನೂ ನಂಬುವವನಲ್ಲ, ದೆವ್ವವನ್ನೂ ನಂಬುವವನಲ್ಲ. ಮನೆಯಲ್ಲಿ ಯಾರು ಏನೇ ಹೇಳಲಿ, "ಅದಕ್ಕ ಪುರಾವೆ ಎಲ್ಲದ?" ಎಂದು ಕೇಳುವ ಪೈಕಿ. ನಾನೂ ಅಂಥವಳೇ ಇದ್ದೆ ಅನ್ನಿ.

ಹೋದ ಡಿಸೆಂಬರಿನ ಮಾತು. ಖಡಕಿ ಕಡೆಯ ಒಂದು ಆಸ್ಪತ್ರೆ... ಹೆಸರು ಬೇಡ. ಕಾಕಾನನ್ನು ಅಲ್ಲಿ ಮೂರನೇ ಮಹಡಿಯ ಹನ್ನೆರಡನೇ ಹಾಸಿಗೆಯಲ್ಲಿ ಮಲಗಿಸಿದ್ದೆವು. ಗಂಟಲಿನ ಗಡ್ಡೆ. ಆಪರೇಷನ್ ಮಾಡಿ, ಉಸಿರಾಡಲಿಕ್ಕೆಂದು ಕುತ್ತಿಗೆಗೆ ತೂತು ಕೊರೆದು ನಳಿಕೆ ಇಟ್ಟಿದ್ದರು. ಬಟ್ಟೆ ಅಂಗಡಿಯಲ್ಲಿ ಕೂತು ಮೂವತ್ತು ವರ್ಷ ಗಿರಾಕಿಗಳ ತಲೆ ತಿಂದ ಮನುಷ್ಯನಿಗೆ ಈಗ ಮಾತಿಲ್ಲ. ನಳಿಕೆಯಲ್ಲಿ ಕಫ ಕಟ್ಟಿದರೆ ಉಸಿರೇ ನಿಂತೀತು, ಆಗ ಕೂಗುವ ಹಾಗಿಲ್ಲ. ಪಕ್ಕದ ಕರೆಗಂಟೆಯ ಗುಂಡಿ ಒತ್ತಬೇಕು, ಸಿಸ್ಟರ್ ಓಡಿ ಬರಬೇಕು. ಆ ಗುಂಡಿಯೊಂದರ ಮೇಲೇ ಕಾಕಾನ ಜೀವ ನಿಂತಿತ್ತು.

ಅವತ್ತೇ ಆ ಮಹಡಿಯ ಹಳೇ ಗಂಟೆಗಳನ್ನು ತೆಗೆದು ಹನ್ನೆರಡು ಹೊಸವು ಕೂಡಿಸಿದ್ದರು. ಕೂಡಿಸಿದವರು ಯಾರು? ಮಾಂತುವಿನ ಕಂಪನಿಯವರೇ. ಒಂದೂ ಸದ್ದು ಮಾಡಲಿಲ್ಲ.

ಸುದ್ದಿ ಬಂದದ್ದು ರಾತ್ರಿ ಹನ್ನೊಂದಕ್ಕೆ. ಮಾಂತು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ನಡೆದೇ ಹೊರಟ. ದಾರಿಯಲ್ಲಿ ಮಿಲಿಟರಿಯವರ ಕಾಂಪೌಂಡಿಗೆ ಅಂಟಿಕೊಂಡು ಒಂದು ದೊಡ್ಡ ಆಲದ ಮರವಿದೆ. ಇಂಥ ಕತೆ ಅಂದ ಮೇಲೆ ಆಲದ ಮರ ಬರಲೇಬೇಕಲ್ಲ, ಬಂತು. ಅದರ ಕೆಳಗೆ ಏನೂ ಆಗಲಿಲ್ಲ. ಒಂದು ನಾಯಿ ಮಲಗಿತ್ತು, ಅದೂ ತಲೆ ಎತ್ತಿ ನೋಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ, "ಲಿಫ್ಟ್ ಬಂದ್ ಆಹೇ ಸಾಹೇಬ," ಎಂದು ಮೆಟ್ಟಿಲು ತೋರಿಸಿದ. ಮಾಂತು ಹತ್ತಿದ. ಮೂರನೇ ಮಹಡಿಯಲ್ಲಿ ಅವತ್ತು ಮೂವರೇ ರೋಗಿಗಳು. ನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಮುದುಕಿ, ಒಂಬತ್ತರಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದ ಒಬ್ಬ ಗಂಡಸು, ಹನ್ನೆರಡರಲ್ಲಿ ನಮ್ಮ ಕಾಕಾ. ರಾತ್ರಿ ಪಾಳಿಗೆ ಮಾಧುರಿ ಸಿಸ್ಟರ್ ಒಬ್ಬಳೇ. ಸೋಲಾಪುರದ ಹುಡುಗಿ, ಕನ್ನಡದವಳು.

"ಬೆಳಗಿನ ತನಕ ನಾನೇ ಓಡ್ಯಾಡ್ತೀನ್ರಿ. ಆದರ ನನಗೂ ಎರಡೇ ಕಾಲು," ಅಂದಳಂತೆ.

"ತಾಸಿನಾಗ ಮಾಡಿಕೊಡ್ತೀನ್ರಿ ಸಿಸ್ಟರ್," ಅಂದ ಇವನು.

ಮುಂದಿನದು ತಿಳಿಯಬೇಕಾದರೆ ಒಂದಿಷ್ಟು ಅವನ ವಿದ್ಯೆ ಕೇಳಬೇಕು. ನನಗೆ ಅವನು ಹೇಳಿದಷ್ಟನ್ನೇ ಹೇಳುತ್ತೇನೆ. ಪೇಠೆಯ ಹಳೇ ವಾಡೆ ನೋಡಿದ್ದೀರಲ್ಲ? ದೊಡ್ಡ ಬಾಗಿಲು ಒಂದೇ, ಒಳಗೆ ಹತ್ತಾರು ಬಿಡಾರ. ಆಸ್ಪತ್ರೆಯ ನೆಟ್‌ವರ್ಕೂ ಹಾಗೇ. ತಂತಿ ಒಂದೇ, ಆದರೆ ಸ್ವಿಚ್ಚಿನೊಳಗೆ ಕಣ್ಣಿಗೆ ಕಾಣದ ಗೋಡೆ ಎಬ್ಬಿಸಿ ಒಂದೊಂದು ಮಹಡಿಯನ್ನು ಬೇರೆ ಬೇರೆ ಮಾಡಿರುತ್ತಾರೆ. ಆ ಒಂದೊಂದು ಬಿಡಾರಕ್ಕೆ ವೀಲ್ಯಾನ್ ಅನ್ನುತ್ತಾರೆ. ಮೂರನೇ ಮಹಡಿಯದಕ್ಕೆ ಮೂವತ್ತು ಅಂತ ನಂಬರು, ನಾಲ್ಕನೆಯದಕ್ಕೆ ನಲವತ್ತು.

ಇನ್ನು ಯಾವುದೇ ಯಂತ್ರ ಎಚ್ಚರವಾದ ಕೂಡಲೇ ಅದಕ್ಕೊಂದು ವಿಳಾಸ ಬೇಕು. ವಿಳಾಸ ಕೊಡುವವರು ಎಲ್ಲಿದ್ದಾರೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಕತ್ತಲಲ್ಲಿ ಕೂಗಿದ ಹಾಗೆ ಒಮ್ಮೆ ಕೂಗುತ್ತದೆ... ಯಾರಾದರೂ ಇದ್ದೀರಾ? ಗೋಡೆಯ ಹತ್ತಿರ ಕೂತ ಒಬ್ಬ ಅದನ್ನು ಕೇಳಿಸಿಕೊಂಡು, ಇಂಥ ಮಹಡಿಯಿಂದ ಕೂಗು ಬಂತು ಅಂತ ಗುರುತು ಹಾಕಿ, ನೆಲಮಹಡಿಯ ಸರ್ವರಿಗೆ ದಾಟಿಸುತ್ತಾನೆ. ಸರ್ವರ್ "ಓ" ಎಂದು ವಿಳಾಸ ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಅಂತ ಹೆಸರು.

ಮಾಂತು ಸಿಸ್ಟರ್ ಟೇಬಲ್ಲಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಕೂತ. ಎದುರಿಗೆ ಗೋಡೆಯ ಮೇಲೆ ಹನ್ನೆರಡು ದೀಪದ ಹಲಗೆ, ಹಾಸಿಗೆಗೊಂದು ದೀಪ. ಎಲ್ಲ ಕಪ್ಪು. ತಂತಿ ನೋಡಿದ, ಸರಿ. ಗಂಟೆಗಳು ಮೂವತ್ತರ ಬಿಡಾರದಲ್ಲೇ ಇವೆಯೋ ನೋಡಿದ, ಇವೆ. ಕೆಳಗಿನ ದೊಡ್ಡ ಸ್ವಿಚ್ಚಿನವರೆಗೆ ದಾರಿ ತೆರೆದಿದೆಯೋ, ತೆರೆದಿದೆ. ಕೂಗು ದಾಟಿಸುವವ ದಾಟಿಸುತ್ತಿದ್ದಾನೋ, ದಾಟಿಸುತ್ತಿದ್ದಾನೆ. ಸರ್ವರಿನ ದಿನಚರಿಯಲ್ಲಿ ಗಂಟೆಗಳ ಕೂಗು ಸಾಲುಸಾಲಾಗಿ ಬಿದ್ದಿತ್ತು. ಒಂದು ಸಲ ಕೂಗಿವೆ. ಎರಡು ಸಲ ಕೂಗಿವೆ. ಸರ್ವರ್ ಕೇಳಿಸಿಕೊಂಡಿದೆ... ಉತ್ತರವನ್ನೇ ಕೊಟ್ಟಿಲ್ಲ.

ರಾತ್ರಿ ಒಂದು ಗಂಟೆ ದಾಟಿದ ಮೇಲೆ ಕಾರಣ ಸಿಕ್ಕಿತು. ಸರ್ವರಿನ ಕಡತದಲ್ಲಿ ಯಾರೋ ಒಂದು ಸಾಲು ಬರೆದಿದ್ದರು. ಮೂರನೇ ಸಲ ಕರೆದ ಮೇಲೇ ಉತ್ತರ ಕೊಡತಕ್ಕದ್ದು. ಹಳೇ ಗಂಟೆಗಳು ಉತ್ತರ ಸಿಗುವ ತನಕ ಕೂಗುತ್ತಲೇ ಇರುತ್ತಿದ್ದವು. ಹೊಸವಕ್ಕೆ ತಾಳ್ಮೆ ಇಲ್ಲ, ಎರಡು ಸಲ ಕೂಗಿ ಸುಮ್ಮನಾಗುತ್ತವೆ. ಆ ಸಾಲಿನ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿತ್ತು. "ಇದನ್ನ ತಗೀಬ್ಯಾಡ್ರಿ. ತಾಯಪ್ಪ."

ಮಾಂತು ನಕ್ಕುಬಿಟ್ಟ. ಯಾಕೆಂದರೆ ಈ ಕಾನೂನು ನಮ್ಮ ಮನೆಯದೂ ಹೌದು. ನಮ್ಮ ಬಸವಣ್ಣೆವ್ವ ಅಮ್ಮ, ಅಂದರೆ ನಮ್ಮ ಅಜ್ಜಿ, ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ಮೂರನೇ ಸಲದ ತನಕ ಓಗೊಡಲು ಬಿಡುತ್ತಿರಲಿಲ್ಲ. ಮನುಷ್ಯರಾದವರು ಮತ್ತೆ ಮತ್ತೆ ಕರೆಯುತ್ತಾರೆ, ಬೇರೆಯವರು ಕರೆಯುವುದಿಲ್ಲ, ಅಂತ ಅವಳ ಲೆಕ್ಕ. ಹಾಲಿನವನೂ ಮೂರು ಸಲ ಕೂಗಬೇಕಿತ್ತು. ಪಾಪ, ಅವನು ಆ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ.

"ಸಿಸ್ಟರ್, ಈ ತಾಯಪ್ಪ ಯಾರ್ರಿ?"

"ಮೊದಲ ಈ ನೆಟ್‌ವರ್ಕ್ ನೋಡ್ಕೊಂತಿದ್ದ ಮಾಮಾ. ಈಗ ರಿಟಾಯರ್ ಆಗಿ ಕಾತ್ರಜದಾಗ ಅದಾರ. ಯಾಕ್ರಿ?"

"ಸರ್ವರಿಗೂ ಅಂಜಿಕಿ ಕಲಿಸಿ ಹೋಗ್ಯಾರ ನೋಡ್ರಿ."

ಸಾಲು ಅಳಿಸಿದ. ಸರ್ವರನ್ನು ಮತ್ತೆ ಶುರು ಮಾಡಿದ. ಮೂರನೇ ಮಹಡಿಯ ಸ್ವಿಚ್ಚನ್ನು ಒಮ್ಮೆ ಆರಿಸಿ ಹಚ್ಚಿದ. ಟಿಕ್... ಟಿಕ್... ಟಿಕ್... ಹಲಗೆಯ ಮೇಲೆ ಹನ್ನೆರಡೂ ದೀಪ ಹಸಿರಾದವು. ಕಾಕಾನ ಗುಂಡಿ ಒತ್ತಿ ನೋಡಿದ, ಗಂಟೆ ಸದ್ದು ಮಾಡಿತು. ಕಾಕಾ ಗಾಢ ನಿದ್ದೆಯಲ್ಲಿದ್ದರು. ನಳಿಕೆಯಿಂದ ಉಸಿರು ಸುಯ್ ಸುಯ್ ಎಂದು ಬಂದು ಹೋಗುತ್ತಿತ್ತು. ಮಾಧುರಿ ಚಹಾ ಮಾಡಿ ಕೊಟ್ಟಳು. ಮಾಂತುವಿಗೆ ಎಷ್ಟು ಹಗುರವಾಯಿತೆಂದರೆ ನನಗೆ ಆ ಹೊತ್ತಿನಲ್ಲೇ ಮೆಸೇಜು ಹಾಕಿದ. ಒಂದು ಮೂವತ್ತೆಂಟಕ್ಕೆ. "ಆತಕ್ಕಾ, ಅಪ್ಪನ ಗಂಟಿ ಚಾಲೂ ಆತು."

ಒಂದು ನಲವತ್ತೊಂದಕ್ಕೆ... ಮೇಲಿನಿಂದ ಒಂದು ಸದ್ದು.

ಟಣ್.

ಸ್ಟೀಲಿನ ಲೋಟವನ್ನು ಕಬ್ಬಿಣದ ಮಂಚಕ್ಕೆ ತಾಗಿಸಿದ ಹಾಗೆ. ಜೋರಾಗೇನಲ್ಲ. ಮಾಧುರಿ ಚಹಾದ ಕಪ್ಪು ಕೆಳಗಿಟ್ಟಳು.

"ಮ್ಯಾಲೆ ಪೇಶಂಟ್ ಅದಾರೇನ್ರಿ?" ಅಂದ ಮಾಂತು.

"ನಾಲ್ಕನೇ ಮಾಳಿಗಿ ಬಂದ್ ಮಾಡಿ ಭಾಳ ವರ್ಷ ಆತ್ರಿ. ಕೀಲಿ ಹಾಕ್ಯಾರ."

ಮಾಂತು ಪರದೆ ನೋಡಿದ. ಸರ್ವರಿನ ದಿನಚರಿಯಲ್ಲಿ ಹೊಸ ಸಾಲು ಬಿದ್ದಿತ್ತು. ಒಂದು ಕೂಗು. ಗುರುತು ನಲವತ್ತು, ಅಂದರೆ ನಾಲ್ಕನೇ ಮಹಡಿ. ಒಂದೇ ಸಲ ಕೂಗಿದೆ. ಈಗ ತಡೆಯುವ ಸಾಲು ಇಲ್ಲವಲ್ಲ... ಸರ್ವರ್ ಕೂಡಲೇ ಉತ್ತರ ಕೊಟ್ಟಿದೆ. ಕೊಟ್ಟದ್ದು ನಾಲ್ಕನೇ ಮಹಡಿಯ ವಿಳಾಸವಲ್ಲ. ಮೂರನೇ ಮಹಡಿಯ ಒಂದನೇ ಹಾಸಿಗೆಯದು.

ಹಲಗೆಯ ಮೇಲೆ ಒಂದನೇ ದೀಪ ಆರಿತು.

ಹಾಗೆ ಆಗಲಿಕ್ಕೇ ಬರುವುದಿಲ್ಲ ಅಕ್ಕಾ, ಅನ್ನುತ್ತಾನೆ ಅವನು ಇವತ್ತಿಗೂ. ಒಂದು ಬಿಡಾರದ ವಿಳಾಸ ಇನ್ನೊಂದಕ್ಕೆ ಹೋಗುವುದಿಲ್ಲ. ಎದ್ದು ಹೋಗಿ ಸ್ವಿಚ್ಚಿನ ಕಪಾಟು ತೆರೆದ. ನಾಲ್ಕನೇ ಮಹಡಿಗೆ ಹೋಗುವ ತಂತಿಯನ್ನು ಯಾವಾಗಲೋ ಕಿತ್ತು ಹಾಕಿದ್ದರು. ಅದರ ತೂತು ಖಾಲಿ. ಒಳಗೆ ಧೂಳು.

ಟಣ್. ಎರಡನೇ ದೀಪ ಆರಿತು.

ಟಣ್. ಮೂರನೆಯದು.

ಆ ಹಾಸಿಗೆಗಳು ಖಾಲಿ ಇದ್ದವು, ಏನೂ ಆಗಲಿಲ್ಲ. ಮಾಂತು ಕಪಾಟಿನ ಮುಂದೆ ನಿಂತೇ ತಂತಿ ಎಣಿಸುತ್ತಿದ್ದ. ಮತ್ತೆ ಟಣ್... ನಾಲ್ಕನೆಯದು ಆರಿದ ಕೂಡಲೇ ವಾರ್ಡಿನೊಳಗಿಂದ ಮುದುಕಿಯ ದನಿ ಬಂತು.

"ಓ..."

ಯಾರೋ ಹೆಸರು ಹಿಡಿದು ಕರೆದಾಗ ಅನ್ನುತ್ತೇವಲ್ಲ, ಹಾಗೆ. ಮಾಧುರಿ ಓಡಿದಳು. ಮುದುಕಿ ಕಣ್ಣು ಮುಚ್ಚಿಕೊಂಡೇ ಹಾಸಿಗೆಯಿಂದ ಇಳಿದಿದ್ದಳು. ಸಲಾಯಿನ್ ಸೂಜಿ ಕಿತ್ತು ಬಂದು ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಬರಿಗಾಲು. ಪಟ್... ಪಟ್... ಪಟ್... ಮೆಟ್ಟಿಲಿನ ಕಡೆ ನಡೆಯುತ್ತಿದ್ದಾಳೆ. ಮಾಧುರಿ ತಡೆದು ತಂದು ಮಲಗಿಸಿದಳು, ಮಲಗಿದ ಮೇಲೂ ಮುದುಕಿಯ ಕಾಲು ಹೊದಿಕೆಯ ಕೆಳಗೆ ಹೆಜ್ಜೆ ಹಾಕುತ್ತಲೇ ಇತ್ತಂತೆ.

ಇವನು ಅಷ್ಟರಲ್ಲಿ ಟೇಬಲ್ಲಿಗೆ ಬಂದು ನಲವತ್ತರ ಬಿಡಾರವನ್ನೇ ಎಲ್ಲ ಸ್ವಿಚ್ಚಿನಿಂದ ಅಳಿಸಿಹಾಕಿದ. ಪೂರ್ತಿ. ಟಣ್... ಐದು. ಅಳಿಸಿದ ಮೇಲೂ ಗುರುತು ಅದೇ, ನಲವತ್ತು. ಆರು... ಏಳು... ಎಂಟು...

ಒಂಬತ್ತಕ್ಕೆ ಮತ್ತೆ "ಓ" ಕೇಳಿತು. ಈ ಸಲ ಗಂಡಸಿನ ದನಿ. ಪ್ಲಾಸ್ಟರ್ ಹಾಕಿದ ಮುರಿದ ಕಾಲಿನ ಮೇಲೇ ಅವನು ಎದ್ದು ನಡೆದ. ಧಡ್... ಧಡ್... ಮೇಲಿನ ಮಹಡಿಗೆ ಹೋಗುವಲ್ಲಿ ಸರಪಳಿ ಹಾಕಿದ ಜಾಲರಿ ಬಾಗಿಲಿತ್ತು. ಅದಕ್ಕೆ ಹಣೆ ಆನಿಸಿ ನಿಂತಿದ್ದ. ಇಬ್ಬರೂ ಸೇರಿ ಅವನನ್ನು ಹೊತ್ತು ತಂದರು.

"ತಾಯಪ್ಪ ಮಾಮಾನ ನಂಬರ್ ಕೊಡ್ರಿ," ಅಂದ ಮಾಂತು. ನಗು ಎಲ್ಲಿ ಹೋಯಿತೋ ಏನೋ.

ಮೊದಲ ಸಲ ಮಾಡಿದಾಗ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲ... ಮೊದಲ ರಿಂಗಿಗೇ ಎತ್ತಿದರು. ನಿದ್ದೆಯಿಂದ ಎದ್ದ ದನಿಯಲ್ಲ.

"ಆ ಸಾಲು ತಗದಿಯೇನು?" ಪಿಸುಮಾತು.

"ಹೌದ್ರಿ ಮಾಮಾ."

"ಎಲ್ಲಿ ತನಕ ಬಂದದ?"

"ಒಂಬತ್ತು ಹೋದ್ವು... ಹತ್ತು. ಈಗ ಹತ್ತು ಹೋತ್ರಿ."

"ಮುಂದ ಯಾರರ ಅದಾರೇನು?"

"ಹನ್ನೆರಡರಾಗ ನಮ್ಮಪ್ಪ ಅದಾನ್ರಿ."

"ಸಾಲು ತಿರುಗಿ ಹಾಕು, ಲಗೂನ. ನಿಮ್ಮಪ್ಪಗ ಓ ಅನ್ನಾಕ ಬಿಡಬ್ಯಾಡ."

"ಯಾರ್ರಿ ಅವ್ರು?"

"ಆ ದೊಡ್ಡ ಬ್ಯಾನಿ ಬಂದಿತ್ತಲ್ಲ, ಆ ವರ್ಷ ಮ್ಯಾಲೆ ಮಲಗಿದ್ದವ್ರು. ಅವಸರಕ್ಕ ಮಂಚ ಹಾಕಿದ್ರು, ಗಂಟಿ ಹಾಕಿರಲಿಲ್ಲ. ಲೋಟಾ ತಗೊಂಡು ಮಂಚಕ್ಕ ಬಡದು ಕರೀತಿದ್ರಪಾ... ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ."

"ಸಾಲು ಹಾಕಿದ ಮ್ಯಾಲೆ ಮೂರು ಸಲ ಕರದ್ರ?"

"ಕರಿಯೂದಿಲ್ಲ. ಎರಡು ಸಲ ಬಡಿಯೂದರಾಗ ಅವರಿಗೆ ತ್ರಾಣ ತೀರತಿತ್ತು."

ಫೋನ್ ಇಟ್ಟುಬಿಟ್ಟರು. ನಿಜ ಹೇಳುತ್ತೇನೆ, ಈ ಮಾತು ಹೇಳುವಾಗಲೆಲ್ಲ ನನಗೆ ಹೆದರಿಕೆಗಿಂತ ಮರುಕವೇ ಹೆಚ್ಚು ಆಗುತ್ತದೆ. ಅವರೂ ಯಾರದೋ ಮನೆಯ ಕಾಕಾ, ಯಾರದೋ ಮನೆಯ ಅಜ್ಜಿ. ಆದರೆ ಆ ಹೊತ್ತಿಗೆ ಮಾಂತುವಿನ ಮುಂದೆ ಇದ್ದದ್ದು ಅವನ ಅಪ್ಪ. ಕುತ್ತಿಗೆಯ ಹೊಲಿಗೆ ಇನ್ನೂ ಹಸಿ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ನಳಿಕೆ ಕಳಚುತ್ತದೆ, ಆಮೇಲೆ ಉಸಿರಿಲ್ಲ.

ಟಣ್. ಹನ್ನೊಂದು ಆರಿತು.

ಲ್ಯಾಪ್‌ಟಾಪ್ ಎತ್ತಿಕೊಂಡು ಹನ್ನೆರಡನೇ ಹಾಸಿಗೆಗೆ ಓಡಿದ. ಅದನ್ನು ಅಪ್ಪನ ಕಾಲ ಬಳಿ ಇಟ್ಟ. ಕಾಕಾ ಕಣ್ಣು ಮುಚ್ಚಿಯೇ ಇದ್ದರು, ಆದರೆ ತಲೆ ಮೆಲ್ಲಗೆ ಚಾವಣಿಯ ಕಡೆ ತಿರುಗುತ್ತಿತ್ತು. ತುಟಿ ಗುಂಡಗಾಗುತ್ತಿತ್ತು. ಮಾಂತು ಎಡ ಅಂಗೈಯಿಂದ ಅಪ್ಪನ ಬಾಯಿ ಮುಚ್ಚಿದ. ಬಲಗೈ ಒಂದರಿಂದಲೇ ಆ ಸಾಲು ಬರೆದ. ಒಂದು ಅಕ್ಷರ ತಪ್ಪಿತು. ಸರ್ವರ್ ಒಪ್ಪಲಿಲ್ಲ. ಅಳಿಸಿದ. ಮತ್ತೆ ಬರೆದ. ಮತ್ತೆ ಶುರು ಮಾಡಿದ. ಪರದೆಯ ಮೇಲೆ ಕರ್ಸರ್ ಮಿಟುಕುತ್ತ ನಿಂತಿತು... ಎಷ್ಟು ಹೊತ್ತೋ.

ಸರ್ವರ್ ಎದ್ದಿತು.

ಟಣ್.

ದಿನಚರಿಯಲ್ಲಿ ಸಾಲು ಬಿತ್ತು. ಗುರುತು ನಲವತ್ತು, ಮೊದಲನೇ ಕೂಗು. ಉತ್ತರ ಹೋಗಲಿಲ್ಲ. ಅಂಗೈಯ ಕೆಳಗೆ ಅಪ್ಪನ ತುಟಿ ಅಲುಗಿತು. ಬೆಚ್ಚಗಿನ ಉಸಿರು ಅಂಗೈಗೆ ತಾಗಿತು. ಮಾಂತು ಇನ್ನೂ ಗಟ್ಟಿಯಾಗಿ ಒತ್ತಿದ. "ಬ್ಯಾಡಪ್ಪಾ... ಅನಬ್ಯಾಡ... ಓ ಅನಬ್ಯಾಡ..."

ಟಣ್.

ಎರಡನೇ ಕೂಗು. ಈ ಸಲ ಉಸಿರು ಉದ್ದವಾಗಿ ಬಂತು, ಹಬೆಯ ಹಾಗೆ. ಕಾಕಾನ ಬೆನ್ನು ಹಾಸಿಗೆಯಿಂದ ಇಷ್ಟೇ ಇಷ್ಟು ಎದ್ದಿತು. ಮಾಂತು ಅವರ ಎದೆಯ ಮೇಲೆ ಮೊಣಕೈ ಊರಿ ಹಾಗೇ ಹಿಡಿದುಕೊಂಡ. ಮೇಲೆ ನೋಡಲಿಲ್ಲ. ಪರದೆಯನ್ನೇ ನೋಡಿದ.

ಒಂದು ನಿಮಿಷ... ಎರಡು ನಿಮಿಷ... ಐದು...

ಮೂರನೇ ಸಲ ಬರಲಿಲ್ಲ. ಕಾಕಾನ ಬೆನ್ನು ಮೆಲ್ಲಗೆ ಹಾಸಿಗೆಗೆ ಇಳಿಯಿತು. ಹಲಗೆಯ ಮೇಲೆ ಹನ್ನೆರಡನೇ ದೀಪ ಒಂದೇ ಹಸಿರಾಗಿ ಉಳಿಯಿತು. ಬೆಳಗಿನ ತನಕ ಮಾಧುರಿ ಮುದುಕಿಗೂ ಆ ಗಂಡಸಿಗೂ ನಡುವೆ ಕುರ್ಚಿ ಹಾಕಿ ಕೂತಳು. ಮಾಂತು ಅಲ್ಲಿಂದ ಕದಲಲಿಲ್ಲ.

ಇನ್ನು ಇದು ನಾನು ಕಣ್ಣಾರೆ ಕಂಡದ್ದು. ಆರಕ್ಕೆ ಐದು ನಿಮಿಷ ಇರುವಾಗ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಹೋದೆ. ಈ ಹುಡುಗ ಅಪ್ಪನ ಬಾಯಿ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದಾನೆ. ಕಣ್ಣು ಕೆಂಪು. "ಏನ್ ಮಾಡಾಕತ್ತೀಯೋ, ಹುಚ್ಚಾ? ತಗೀ ಕೈ," ಅಂತ ಬೈದೆ. ತೆಗೆಯಲಿಲ್ಲ. ಒಂದೊಂದೇ ಬೆರಳು ನಾನೇ ಬಿಡಿಸಬೇಕಾಯಿತು. ಆಗ ಎಲ್ಲ ಹೇಳಿದ. ನಾನು ನಂಬಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾನೆ, ಅಪ್ಪನ ಚಿಂತೆ ತಲೆಗೆ ಹತ್ತಿದೆ, ಅಂದುಕೊಂಡೆ.

ಅವತ್ತು ಮಧ್ಯಾಹ್ನವೇ ಹನ್ನೆರಡೂ ಗಂಟೆಗಳಿಗೆ ಕೈಯಿಂದಲೇ ಒಂದೊಂದು ವಿಳಾಸ ಬರೆದುಕೊಟ್ಟ. ಇನ್ನು ಅವು ಯಾರನ್ನೂ ಕೂಗಿ ಕೇಳಬೇಕಾಗಿಲ್ಲ. ತಾಯಪ್ಪ ಮಾಮಾನ ಸಾಲು ಸರ್ವರಿನಲ್ಲಿ ಹಾಗೇ ಇದೆ. ಕಾಕಾ ಹನ್ನೊಂದು ದಿನಕ್ಕೆ ಮನೆಗೆ ಬಂದರು.

ಬರುವ ಹಿಂದಿನ ದಿನ ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ಮಾಂತು ಕೇಳಿದ. "ಡಾಕ್ಟರ್, ಅಪ್ಪ ಬಾಯಿಲೆ ಉಸಿರು ಬಿಡ್ತಾರಲ್ರಿ, ಅದರಿಂದ ಏನೂ ತ್ರಾಸ ಇಲ್ಲಲ್ರಿ?" ಡಾಕ್ಟರು ಅವನ ಮುಖ ನೋಡಿದರು. ಟ್ರೇಯಿಂದ ಸ್ಟೀಲಿನ ಚಮಚ ಎತ್ತಿ ಕಾಕಾನ ಕುತ್ತಿಗೆಯ ನಳಿಕೆಯ ಮುಂದೆ ಹಿಡಿದರು. ಹಬೆ ಕೂತು ಮಸುಕಾಯಿತು. ಒರೆಸಿ, ಕಾಕಾನ ತೆರೆದ ಬಾಯಿಯ ಮುಂದೆ ಹಿಡಿದರು. ಹಿಡಿದೇ ಇದ್ದರು. ಚಮಚ ಹೊಳೆಯುತ್ತಲೇ ಇತ್ತು. ಆಪರೇಷನ್ ಆದ ದಿನದಿಂದ ಇವರ ಬಾಯಿಂದ ಒಂದು ಎಳೆ ಗಾಳಿಯೂ ಬಂದಿಲ್ಲ, ಬರಲು ದಾರಿಯೇ ಇಲ್ಲ, ಮೇಲೆಲ್ಲ ಮುಚ್ಚಿದ್ದೇವೆ, ಅಂದರು.

ಮಾಂತು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಅವತ್ತು ಅವನ ಅಂಗೈ ಬೆವರಿರಬೇಕು ಅಂತೀರಿ. ಅನ್ನಿ. ಡಿಸೆಂಬರಿನ ಚಳಿ, ನಾನು ಸ್ವೆಟರಿನ ಮೇಲೆ ಶಾಲು ಹೊದ್ದಿದ್ದೆ. ಆ ಬೆಳಿಗ್ಗೆ ಅವನ ಬೆರಳು ಬಿಡಿಸಿದಾಗ ಕೈಯೆಲ್ಲ ಒಣಗಿ ಮಂಜುಗಡ್ಡೆಯಂತಿತ್ತು. ಅಂಗೈಯ ನಡುವೆ ಮಾತ್ರ, ಒಂದು ಬಾಯಿಯಷ್ಟು ಅಗಲಕ್ಕೆ, ಒದ್ದೆಯಾಗಿತ್ತು. ಬೆಚ್ಚಗಿತ್ತು. ನನ್ನ ಸೆರಗಿನಿಂದ ನಾನೇ ಒರೆಸಿದ್ದೇನೆ.